ಮೈನಸ್ ಐದು ಎಲೆ

ಕೋಡ್ ಬಾರದವನಿಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಸಿಗದು ಎನ್ನುವವರು ನನ್ನನ್ನು ನೋಡಬೇಕು. ನಾನು ಬ್ಲ್ಯಾಕ್ ಬಾಕ್ಸ್ ಟೆಸ್ಟರ್. ಒಳಗೆ ಕೋಡ್ ಹೇಗಿದೆಯೆಂದು ಗೊತ್ತಿಲ್ಲದಿರುವುದಕ್ಕೇ ನನಗೆ ಸಂಬಳ. ಅಡುಗೆಮನೆಗೆ ಕಾಲಿಡದೆ ಸಾರಿಗೆ ಉಪ್ಪು ಕಮ್ಮಿ ಎನ್ನುವ ಬೀಗರ ಪಾತ್ರ. ಬೀಗರಿಗಾದರೂ ಮರ್ಯಾದೆ ಉಂಟು. ನಾನೊಂದು ಬಗ್ ಹಾಕಿದರೆ ಡೆವಲಪರ್ ಹುಡುಗಿ ತಲೆಯೆತ್ತದೆ, "ನನ್ ಮಷೀನಲ್ಲಿ ಸರಿಯಾಗೇ ಬರ್ತಿದೆ ಸರ್" ಅನ್ನುತ್ತಾಳೆ.

ಹಾಗಂತ ಇದಕ್ಕೆ ಶಾಸ್ತ್ರವಿಲ್ಲ ಅಂತಲ್ಲ. ಗ್ಲೆನ್‌ಫೋರ್ಡ್ ಮೈಯರ್ಸ್ 1979ರಲ್ಲೇ ಟೆಸ್ಟಿಂಗ್ ವಿದ್ಯೆಯ ಬಗ್ಗೆ ಪುಸ್ತಕ ಬರೆದಿದ್ದಾರೆ. ಮೂರು ಬಾಹುಗಳ ಅಳತೆ ಕೊಟ್ಟರೆ ಎಂಥ ತ್ರಿಕೋನವೆಂದು ಹೇಳುವ ಪ್ರೋಗ್ರಾಮನ್ನು ಹೇಗೆಲ್ಲ ಪರೀಕ್ಷಿಸುತ್ತೀರಿ ಎಂಬ ಪ್ರಶ್ನೆಯಿಂದಲೇ ಅದು ಶುರು. 3, 4, 5 ಯಾರು ಬೇಕಾದರೂ ಕೊಟ್ಟಾರು. ತ್ರಿಕೋನವೇ ಆಗದ 1, 2, 3 ಕೊಡುವವನು ಟೆಸ್ಟರ್. ವಯಸ್ಸು 18ರಿಂದ 60 ಎಂದಿದ್ದರೆ 35ರ ಹತ್ತಿರ ನಾವು ಸುಳಿಯುವುದು ಅಪರೂಪ. 17, 18, 60, 61ರ ಸುತ್ತಲೇ ನಮ್ಮ ಠಿಕಾಣಿ. ತಪ್ಪುಗಳ ಠಿಕಾಣಿಯೂ ಹೆಚ್ಚಾಗಿ ಅಲ್ಲೇ.

ಈ ಪಾಂಡಿತ್ಯವನ್ನೆಲ್ಲ ಒಂದು ಕಲ್ಯಾಣ ಮಂಟಪದ ಬುಕಿಂಗ್ ಸಾಫ್ಟ್‌ವೇರಿನ ಮೇಲೆ ಪ್ರಯೋಗಿಸಿದೆ. ವಧುವಿನ ಹೆಸರಿಗೆ 10 ಅಕ್ಷರಗಳ ಮಿತಿ. 'ಶ್ರೀಲಕ್ಷ್ಮಿ' ಎಂದು ಟೈಪ್ ಮಾಡಿದೆ. ನಮ್ಮ ಕಣ್ಣಿಗೆ ಮೂರೇ ಅಕ್ಷರ. ವ್ಯಂಜನ, ಹಲಂತ, ಗುಣಿತಚಿಹ್ನೆಗಳನ್ನು ಬೇರೆ ಬೇರೆ ಎಣಿಸುವ ಯುನಿಕೋಡಿಗೆ 11. ಕೊನೆಯ ಗುಡಿಸು ಒಳಗೆ ಹೋಗಲೇ ಇಲ್ಲ. ವಧು 'ಶ್ರೀಲಕ್ಷ್ಮ' ಆಗಿ ನಿಂತಳು.

ಖುಷಿ ತಡೆಯಲಾರದೆ ವರನ ಜಾಗದಲ್ಲೂ ಅದನ್ನೇ ಹಾಕಿದೆ. ತಕರಾರಿಲ್ಲ. ಊಟಕ್ಕೆ ಎಷ್ಟು ಎಲೆ? ಮೈನಸ್ 5. ಅದನ್ನೂ ನುಂಗಿ, ಎಲೆಗೆ 300ರಂತೆ ಮಂಟಪದವರೇ ನನಗೆ 1,500 ರೂಪಾಯಿ ಕೊಡಬೇಕೆಂದು ಬಿಲ್ ತೋರಿಸಿತು. ಒಂದೇ ಪುಟದಲ್ಲಿ ಮೂರು ಬಗ್! ಓಟಿಪಿಗೆ ನನ್ನದೇ ಮೊಬೈಲ್ ನಂಬರ್ ಕೊಟ್ಟು 'ಖಚಿತಪಡಿಸಿ' ಒತ್ತಿದೆ.

ಟೆಸ್ಟ್ ಸರ್ವರೋ ಲೈವ್ ಸರ್ವರೋ ಎಂಬುದು ಮೇಲಿನ ವಿಳಾಸ ನೋಡಿದ್ದರೆ ಗೊತ್ತಾಗುತ್ತಿತ್ತು. ಒಳಗೆ ನೋಡದಿರುವುದು ನನ್ನ ವೃತ್ತಿಧರ್ಮ. ಅಂದು ಅದನ್ನು ಹೊರಗಡೆಗೂ ವಿಸ್ತರಿಸಿದ್ದೆ.

ಫೋನ್ ಬಂತು. "ನಮಸ್ಕಾರ ಸ್ವಾಮಿ, ಕಲ್ಯಾಣ ಮಂಟಪದ ಮ್ಯಾನೇಜರು. ಶ್ರೀಲಕ್ಷ್ಮ ಅವರ ಮದುವೆಗೆ ನೀವು ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ?"

"ಎರಡೂ..." ಎಂದು ತೊದಲಿದೆ.

"ಅಡುಗೆ ಭಟ್ರು ಕೇಳ್ತಿದಾರೆ, ಮೈನಸ್ ಐದು ಎಲೆ ಅಂದ್ರೆ ಬೇರೆ ಮದುವೆಯಿಂದ ಐದು ಜನರನ್ನ ಊಟದ ಮಧ್ಯೆ ಎಬ್ಬಿಸಬೇಕಾ?"

ದಯವಿಟ್ಟು ಕ್ಯಾನ್ಸಲ್ ಮಾಡಿ ಎಂದು ಅಂಗಲಾಚಿದೆ.

"ಮಾಡೋಣ ಸ್ವಾಮಿ. ಆದ್ರೆ ಕ್ಯಾನ್ಸಲ್ ಮಾಡಿದ್ರೆ ಬಿಲ್ಲಿನ ಅರ್ಧ ದಂಡ ಕಟ್ಬೇಕು, ಕಂಪ್ಯೂಟರೇ ಲೆಕ್ಕ ಹಾಕುತ್ತೆ."

ಮೈನಸ್ 1,500ರ ಅರ್ಧ! ಅಂದರೆ ಇನ್ನೂ 750 ಅವರೇ ಕೊಡಬೇಕು. ಮ್ಯಾನೇಜರು ಇನ್ನೂ ಲೈನಿನಲ್ಲಿದ್ದರು. ನಾನಾಗಲೇ ನಾಲ್ಕನೆಯ ಬಗ್ ಬರೆಯತೊಡಗಿದ್ದೆ.