ಶಬ್ದಮಾತ್ರ ವಾಹನ

ವೇಗವೂ ಘೋಷವೂ ಅವಳಿಮಕ್ಕಳೆಂದು ಲೋಕವು ನಂಬಿಕೊಂಡು ಬಂದಿದೆ; ರಥ ಧಾವಿಸಿದರೆ ಗಾಲಿ ಗುಡುಗಲೇಬೇಕು, ಗಾಲಿ ಗುಡುಗಿದರೆ ರಥ ಧಾವಿಸುತ್ತಿರಲೇಬೇಕೆಂಬುದು ಪುರಾಣಶ್ರವಣದಿಂದ ನಮಗೆ ಬಂದ ಸಂಸ್ಕಾರ. ಆದರೆ ವೈಟ್‌ಫೀಲ್ಡಿನಲ್ಲಿ ಮನೆ ಮಾಡಿಕೊಂಡಿರುವವನಿಗೆ, ಇವೆರಡರ ನಡುವೆ ದಾಯಾದಿ ಸಂಬಂಧವೂ ಉಳಿದಿಲ್ಲವೆಂಬುದು ಬೇಗನೆ ಮನದಟ್ಟಾಗುತ್ತದೆ.

ನನ್ನ ಸೋದರಳಿಯನು ಸಾಫ್ಟ್‌ವೇರ್ ಉದ್ಯೋಗಿ. ಸಂಸಾರಕ್ಕಿಂತ ಮೊದಲು ಸಂಬಳ ಬೆಳೆದುಬಿಟ್ಟದ್ದರಿಂದ ಸ್ಪೋರ್ಟ್ಸ್ ಕಾರಿನ ಮೋಹಕ್ಕೆ ಬಿದ್ದವನು. "ಮಾವ, ನೀವೂ ಬನ್ನಿ, ಹಿರಿಯರೊಬ್ಬರು ಜೊತೆಗಿದ್ದರೆ ನಿಜವಾಗ್ಲೂ ಕೊಳ್ಳೋರೇ ಅಂತ ಶೋರೂಮಿನವರು ನಂಬ್ತಾರೆ" ಎಂದು ನನ್ನನ್ನು ಟೆಸ್ಟ್ ಡ್ರೈವಿಗೆ ಕರೆದೊಯ್ದನು. ಮುಂದೆ ಅವನೂ ಮಾರಾಟದ ತರುಣನೂ ವಿರಾಜಮಾನರಾಗಲು, ಹಿಂದಿನ ಆಸನವೆಂದು ಕಂಪನಿಯವರು ಔದಾರ್ಯದಿಂದ ಕರೆದಿದ್ದ ಸಂದಿಯಲ್ಲಿ, ಮೊಣಕಾಲುಗಳನ್ನು ಗದ್ದಕ್ಕೆ ಆನಿಸಿಕೊಂಡು ನಾನು ಯೋಗಸ್ಥನಾದೆನು. ನಾನೂರು ಅಶ್ವಶಕ್ತಿಯ ಆ ವಾಹನವು ಐಟಿಪಿಎಲ್ ರಸ್ತೆಗೆ ಇಳಿದೊಡನೆ ನೀರಿನ ಟ್ಯಾಂಕರೊಂದರ ಹಿಂದೆ ಸವಿನಯವಾಗಿ ನಿಂತಿತು. "ಸರ್, ಸ್ಪೋರ್ಟ್ ಮೋಡ್ ಹಾಕಿ" ಎಂದನು ತರುಣ. ಗುಂಡಿ ಒತ್ತಲಾಗಿ, ಹೊಗೆಕೊಳವೆಯೊಳಗಿನ ಕವಾಟ ತೆರೆದು, ಸೈಲೆನ್ಸರಿನ ಅಂಕೆ ತಪ್ಪಿಸಿಕೊಂಡ ಗರ್ಜನೆಯು ದಶದಿಕ್ಕುಗಳನ್ನೂ ವ್ಯಾಪಿಸಿತು. ಟ್ಯಾಂಕರು ಮಾತ್ರ ಮಿಸುಕಲಿಲ್ಲ. ಪಕ್ಕದ ಆಟೋದವನು ಕತ್ತು ಚಾಚಿ, ಅಪ್ಪಟ ಅನುಕಂಪದಿಂದ, "ಸೈಲೆನ್ಸರ್ ಕಿತ್ತೋಯ್ತಾ ಸಾರ್? ಮುಂದೆ ಎಡಗಡೆ ವೆಲ್ಡಿಂಗ್ ಅಂಗ್ಡಿ ಐತೆ" ಎಂದನು.

ಇಂಥ ಕಾರುಗಳ ನಿಜವಾದ ಪುಣ್ಯಕ್ಷೇತ್ರಗಳು ಬೇರೆಯೇ ಇವೆ. ನಮ್ಮವರು ಕೋಳಿ ಕೂಗುವ ಮೊದಲೇ ಎದ್ದು ಶ್ರೀಪೆರಂಬದೂರಿನ ಬಳಿಯ ಇರುಂಗಾಟ್ಟುಕೋಟೆಯ ರೇಸ್ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಯಾತ್ರೆ ಹೊರಡುತ್ತಾರೆ. ಪಾಶ್ಚಾತ್ಯ ಕ್ಷೇತ್ರಗಳಲ್ಲಂತೂ ಮಡಿ ಹೆಚ್ಚು. ಅಲ್ಲಿ ವೇಗಕ್ಕೆ ಮಿತಿಯಿಲ್ಲ, ಶಬ್ದಕ್ಕುಂಟು. ಇಂಗ್ಲೆಂಡಿನ ಗುಡ್‌ವುಡ್ 1998ರಲ್ಲಿ ಪುನಃ ತೆರೆದುಕೊಂಡದ್ದೇ ನೆರೆಹೊರೆಯವರ ನೆಮ್ಮದಿಗಾಗಿ ಶಬ್ದದ ಕಟ್ಟಳೆಗಳಿಗೆ ಒಪ್ಪಿಕೊಂಡು. ಕ್ಯಾಲಿಫೋರ್ನಿಯಾದ ಲಗೂನಾ ಸೆಕಾದಲ್ಲಿ, ಸಾಮಾನ್ಯ ದಿನಗಳಂದು, 50 ಅಡಿ ದೂರದಿಂದ ಅಳೆದಾಗ ಸದ್ದು ಸುಮಾರು 90 ಡೆಸಿಬಲ್ ಮೀರಕೂಡದು. ಹಲವೆಡೆ ಪ್ರವೇಶಕ್ಕೆ ಮುಂಚೆಯೇ ಅಧಿಕಾರಿಯೊಬ್ಬನು ಹೊಗೆಕೊಳವೆಯ ಬಾಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಓರೆಯಾಗಿ ಮೈಕು ಹಿಡಿದು, ಕೆಮ್ಮು ಪರೀಕ್ಷಿಸುವ ವೈದ್ಯನ ಗಾಂಭೀರ್ಯದಿಂದ ಎಂಜಿನ್ನನ್ನು ಕೂಗಿಸಿ ನೋಡುತ್ತಾನೆ. ಮನುಷ್ಯಸ್ವಭಾವ ಎಲ್ಲೆಡೆ ಒಂದೇ ಆದುದರಿಂದ, ಕೆಲವರು ಕೊಳವೆಯ ತುದಿಗೆ ಸೊಟ್ಟ ಮೂತಿಯೊಂದನ್ನು ಜೋಡಿಸಿ ಸದ್ದನ್ನು ಮೈಕಿನಿಂದ ಆಚೆಗೆ ತಿರುಗಿಸುತ್ತಾರೆ. ಮತ್ತೆ ಕೆಲವರು ಟ್ರ್ಯಾಕಿನ ಬದಿಯ ಮೈಕಿನೆದುರು ಮಾತ್ರ ಆಕ್ಸಿಲರೇಟರಿನಿಂದ ಕಾಲು ತೆಗೆದು ಸಾಧುಗಳಾಗಿ ಸಾಗುತ್ತಾರೆ.

ನಮ್ಮಲ್ಲಿಯೂ ಕಾನೂನಿಗೆ ಕೊರತೆಯಿಲ್ಲ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಹಗಲಿನಲ್ಲಿ ಪೀಣ್ಯದಂಥ ಕೈಗಾರಿಕಾ ಪ್ರದೇಶಕ್ಕೆ 75 ಡೆಸಿಬಲ್, ವಸತಿ ಪ್ರದೇಶಕ್ಕೆ 55. ವ್ಯತ್ಯಾಸ ಇಪ್ಪತ್ತೇ ಎಂದು ಲಘುವಾಗಿ ಎಣಿಸಬಾರದು. ಡೆಸಿಬಲ್ ಹತ್ತು ಏರಿದರೆ ಶಬ್ದಶಕ್ತಿ ಹತ್ತು ಮಡಿಯಾಗುವುದರಿಂದ, ಇಪ್ಪತ್ತಕ್ಕೆ ಅದು ನೂರು ಮಡಿ. ಪೀಣ್ಯದ ಪವರ್ ಪ್ರೆಸ್ಸುಗಳ ನಡುವೆ ಆಯುಷ್ಯದ ಬಹುಭಾಗವನ್ನು ಸವೆಸಿದ ನಾನು ಆ ನೂರು ಮಡಿಯನ್ನು ದ್ವೇಷಿಸಿದವನಲ್ಲ. ಅಲ್ಲಿ ಒಂದು ಸಲ ಧಡ್ ಎಂದರೆ ಕೆಳಗೆ ಒಂದು ವಾಷರಾದರೂ ಉದುರುತ್ತಿತ್ತು. ಐಟಿಪಿಎಲ್ ರಸ್ತೆಯ ಆ ಗರ್ಜನೆಯಿಂದ ಉದುರಿದ್ದೇನು? ವಾಷರಿಲ್ಲ, ವೇಗವೂ ಇಲ್ಲ.

ಇದಕ್ಕೆ ಪ್ರತಿಯಾಗಿ ಎಲೆಕ್ಟ್ರಾನಿಕ್ ಸಿಟಿಯಾಚೆಯ ಬೊಮ್ಮಸಂದ್ರದಲ್ಲಿ ಚೇತನ್ ಮೈನಿಯವರು ರೂಪಿಸಿದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿಯೇ ಮೌನವ್ರತ ಹಿಡಿದು ಮಾರುಕಟ್ಟೆಗೆ ಬಂದಿತ್ತು. ಅದೇ ಮನೆತನದ ಅರ್ಜುನ್ ಮತ್ತು ಕುಶ್ ಮೈನಿ ಫಾರ್ಮುಲಾ 2 ರೇಸುಗಳಲ್ಲಿ ಗರ್ಜಿಸುವ ಕಾರುಗಳನ್ನು ಓಡಿಸಿದವರೆಂಬುದನ್ನು ನೆನೆದರೆ, ಒಂದೇ ಕುಟುಂಬವು ಮೌನಕ್ಕೂ ಘೋಷಕ್ಕೂ ಅವುಗಳ ಯೋಗ್ಯಸ್ಥಾನವನ್ನು ಹಂಚಿಕೊಟ್ಟ ವಿವೇಕ ಮೆಚ್ಚುಗೆಯಾಗುತ್ತದೆ. ಆದರೆ ಲೋಕವು ಮೌನವನ್ನೂ ಸಹಿಸದು: ಹೊಸ ಮಾದರಿಯ ವಿದ್ಯುತ್ ಕಾರುಗಳು, ಪಾದಚಾರಿಗಳ ರಕ್ಷಣೆಗಾಗಿ, ಗಂಟೆಗೆ 20 ಕಿಲೋಮೀಟರ್ ವೇಗದವರೆಗೆ ಕೃತಕವಾಗಿಯಾದರೂ ಸದ್ದು ಮಾಡತಕ್ಕದ್ದೆಂದು ಐರೋಪ್ಯ ಒಕ್ಕೂಟವು 2019ರಿಂದ ವಿಧಿಸಿದೆ. ಆ ನಿಯಮ ವೈಟ್‌ಫೀಲ್ಡಿಗೆ ಬಂದರೆ, ಆಫೀಸಿನ ವೇಳೆಯಲ್ಲಿ ಕಾರು ಹೊರಟಲ್ಲಿಂದ ತಲಪುವವರೆಗೂ ಬಾಯಿ ಮುಚ್ಚುವ ಪ್ರಸಂಗವೇ ಒದಗದು.

ಅಳಿಯನು ಈ ವಾದಗಳನ್ನೆಲ್ಲ ಶ್ರದ್ಧೆಯಿಂದ ಆಲಿಸಿ, "ಹಾಗಾದ್ರೆ ಎಲೆಕ್ಟ್ರಿಕ್ಕೇ ತಗೋತೀನಿ ಮಾವ, ಈಗ ಕೆಲವು ಕಾರುಗಳಲ್ಲಿ ಎಂಜಿನ್ ಸದ್ದನ್ನ ಸ್ಪೀಕರಿನಲ್ಲೇ ಹಾಕ್ಕೋಬಹುದು" ಎಂದನು. ವೇಗವನ್ನು ಎಂದೋ ತ್ಯಜಿಸಿದ್ದ ಶಬ್ದವು ಈಗ ಎಂಜಿನ್ನನ್ನೂ ತ್ಯಜಿಸಿ ನಿರ್ಗುಣಸ್ಥಿತಿಗೆ ಏರುತ್ತಿರುವಾಗ ಅಡ್ಡಬರುವುದು ಹಿರಿಯರಿಗೆ ಶೋಭಿಸದು. ಕಿಟಕಿಯ ಗಾಜನ್ನು ಪೂರ್ತಿ ಏರಿಸಿಕೊಂಡಿರಬೇಕೆಂಬ ಏಕೈಕ ಷರತ್ತಿನ ಮೇಲೆ ನಾನು ಸಮ್ಮತಿಸಿದ್ದೇನೆ.