ಔರಾದದ ಬುನಾದಿ

ಈಗ ನಮ್ಮ ಬೀದರ್ ಜಿಲ್ಲೆಯ ಭಾಲ್ಕಿ ಕಡೆ ಯಾವ ಹಳ್ಳಿಗೆ ಹೋದರೂ ‘ಆರಾಮ ಇದ್ದೀರೇನ್ರಿ’ ಅಂದ ಬೆನ್ನಿಗೇ ಬರುವ ಮಾತು, ‘ಮನಿ ಬಿಲ್ ಆಯ್ತೇನ್ರಿ?’ ಸರ್ಕಾರದ ಮನೆ, ಅದರ ಕಂತಿನ ಬಿಲ್ ಅಂತ ನಿಮಗೇನು ಬಿಡಿಸಿ ಹೇಳಬೇಕು ಕಾಕಾ. ಗ್ರಾಮಸಭೆಯಲ್ಲಿ ಹೆಸರು ಬಂತು, ಪಂಚಾಯಿತಿಯಿಂದ ಮೇಲೆ ಹೋಯಿತು, ಬೆಂಗಳೂರಿನ ರಾಜೀವ್ ಗಾಂಧಿ ವಸತಿ ನಿಗಮದಲ್ಲಿ ಮಂಜೂರಾಯಿತು. ಬೀದರ್ ಪಟ್ಟಣದೊಳಗಾದರೆ ಶಾಸಕರ ಆಶ್ರಯ ಸಮಿತಿ ಉಂಟಲ್ಲ. ಹೆಸರುಗಳೂ ಎಷ್ಟು ನೋಡ್ರಿ! ಹಿರಿಯರ ಬಾಯಲ್ಲಿ ಇವತ್ತಿಗೂ ಜನತಾ ಮನೆ, ನಮ್ಮ ವಯಸ್ಸಿನವರಿಗೆ ಆಶ್ರಯ ಮನೆ, ಹುಡುಗರು ಬಸವ ವಸತಿ, ಅಂಬೇಡ್ಕರ್ ನಿವಾಸ, ಪ್ರಧಾನಮಂತ್ರಿ ಆವಾಸ್ ಅಂತ ಕಾಗದದಲ್ಲಿದ್ದ ಹಾಗೇ ಹೇಳುತ್ತಾರೆ.

ಮಂಜೂರಾದ ಮೇಲೆ ಬಿಲ್ಲಿಗಾಗಿ ಹಂತಹಂತಕ್ಕೂ ಫೋಟೊ ತೆಗೆಯುವುದಂತೂ ನೋಡಲಿಕ್ಕೆ ಬಲು ಚಂದ. ಬುನಾದಿಗೊಂದು, ಲಿಂಟಲ್‌ಗೊಂದು, ಛತ್ತಿಗೊಂದು, ಎಲ್ಲ ಮುಗಿದ ಮೇಲೊಂದು. ಮನೆ ಸಾಮಾನ್ಯವಾಗಿ ಹೆಣ್ಣುಮಕ್ಕಳ ಹೆಸರಿಗೇ ಅಲ್ಲೇನ್ರಿ? ಹಾಗಾಗಿ ನಿಲ್ಲುವವಳೂ ಅವಳೇ. ಹೊಲದಿಂದ ಬಂದು ಕೈಕಾಲು ತೊಳೆದು, ಪೆಟ್ಟಿಗೆಯಲ್ಲಿಟ್ಟ ಸೀರೆ ಉಟ್ಟು, ಸೆರಗು ತಲೆ ಮೇಲೆ ಎಳೆದುಕೊಂಡು, ಮೊಣಕಾಲೆತ್ತರದ ಗೋಡೆ ಪಕ್ಕ ನೆಟ್ಟಗೆ ನಿಲ್ಲುತ್ತಾಳೆ. ಗಂಡ ಇಣುಕಿದರೆ ‘ಆಚೆ ಸರೀರಿ’ ಅಂತ ಗದರಿಕೆ ಬೇರೆ. ಫೋಟೊದಲ್ಲಿ ಜಿಪಿಎಸ್ ಗುರುತು ಇರುವುದರಿಂದ ಬೇರೆ ಮಂದಿಯ ಗೋಡೆ ತೋರಿಸಿ ಬಿಲ್ ಎತ್ತುವುದು ಕಷ್ಟ. ಒಳ್ಳೆಯ ಏರ್ಪಾಡೇ ಅದು.

ಆದರೆ ರಾಜ್ಯದ ಯೋಜನೆಗಳಲ್ಲಿ ಬುನಾದಿ ದುಡ್ಡು ಬರುವುದು ಬುನಾದಿ ಎದ್ದ ಮೇಲೆ. ಅಲ್ಲೇ ಇರುವುದು ಕಾಕಾ ತೊಡಕು. ಬೀದರಿನ ಕೆಂಪುಕಲ್ಲಿನ ಮೇಲೆ ಸ್ವಲ್ಪ ಅಗೆದರೆ ಗಟ್ಟಿ ನೆಲ ಸಿಕ್ಕೀತು. ಆ ಕಲ್ಲೇ ಒಂದು ಸೋಜಿಗ, ಆಗಷ್ಟೇ ಕಡಿದಾಗ ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿಟ್ಟಷ್ಟೂ ಬಿರುಸಾಗುತ್ತದೆ. ಬಹಮನಿಯವರು ಕೋಟೆಗೆ ಮೂರು ಸಾಲಿನ ಕಂದಕ ಕಡಿದದ್ದು ಅದರಲ್ಲೇ ಅಲ್ಲವೇ? ನಮ್ಮ ಜಿಲ್ಲೆಯದೇ ಆದ ಔರಾದದ ನೆಲ ಹಾಗಲ್ಲ. ಅಲ್ಲಿನ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರಿಯುತ್ತದೆ. ಮೇಲುಮೇಲೆ ಕಟ್ಟಿದರೆ ಗೋಡೆ ಸೀಳಿತೆಂದೇ ಲೆಕ್ಕ, ಆಳಕ್ಕೆ ಇಳಿಯಲೇಬೇಕು. ಹಳೇ ಮನೆಗಳಿಗೆ ಈ ಚಿಂತೆ ಇರಲಿಲ್ಲ, ನಮ್ಮ ಅಜ್ಜಿಯ ಮಾಳಿಗೆ ಮನೆಗೆ ಮೇಲೂ ಮಣ್ಣು, ಕೆಳಗೂ ಮಣ್ಣು. ಮಳೆಗೆ ಮೊದಲು ಮಾಳಿಗೆಗೆ ಕರಲ ಮಣ್ಣು ಹಾಕಿ ತುಳಿಯುವುದು ನಮ್ಮ ಪಾಲಿನ ಕೆಲಸ, ಬೆಳಕಿಂಡಿಯಿಂದ ಕೆಳಗೆ ಇಣುಕಿ ಬೈಸಿಕೊಳ್ಳುವುದೂ ನಮ್ಮ ಪಾಲೇ! ಆ ಮನೆಯ ಭಾರವೆಲ್ಲ ಕಟ್ಟಿಗೆಯ ಕಂಬದ ಮೇಲಿತ್ತು, ಗೋಡೆ ಬಿರುಕು ಬಿಟ್ಟರೆ ಮೆತ್ತಿದರಾಯಿತು. ಸಿಮೆಂಟಿನ ಛತ್ತಿಗೆ ಆ ಸೌಕರ್ಯ ಇಲ್ಲ ನೋಡ್ರಿ.

2016ರಲ್ಲಿ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಬಂದಾಗ ಬಯಲು ಪ್ರದೇಶದ ಮನೆಗೆ 1.20 ಲಕ್ಷ, ಗುಡ್ಡಗಾಡಿಗೆ 1.30 ಲಕ್ಷ ರೂಪಾಯಿ ಅಂತ ಹಾಕಿದರು. 25 ಚದರ ಮೀಟರಿಗಿಂತ ಚಿಕ್ಕದಿರಬಾರದು. ಕೂಲಿಗೆ ನರೇಗಾದ 90 ದಿನವನ್ನೂ ಸೇರಿಸಿದರು, ಅದು ಬಡವರಿಗೆ ದೊಡ್ಡ ಆಸರೆಯಾಯಿತು. ಗುಡ್ಡದಲ್ಲಿ ಖರ್ಚು ಹೆಚ್ಚು ಅಂತ ಹತ್ತು ಸಾವಿರ ಕೂಡಿಸಿದವರು ಎರೆಭೂಮಿಯನ್ನು ಯಾಕೆ ನೆನೆಯಲಿಲ್ಲ? ನೆಲದೊಳಗೆ ಹೂತ ದುಡ್ಡು ಫೋಟೊದಲ್ಲಿ ಕಾಣುವುದೇ ಇಲ್ಲ. ಸಾಲ ತಂದು ಬುನಾದಿ ಎಬ್ಬಿಸುತ್ತಾರೆ, ಬಿಲ್ ತಡವಾಗುತ್ತದೆ, ಸಾಲ ತೀರಿಸಲು ಗಂಡ ಹೆಂಡತಿ ಹೈದರಾಬಾದಿಗೋ ಪುಣೆಗೋ ಗಾರೆ ಕೆಲಸಕ್ಕೆ ಹೋಗುತ್ತಾರೆ. ಆಮೇಲೆ ಪ್ರಗತಿ ವರದಿಯಲ್ಲಿ ‘ಬುನಾದಿ ಹಂತ’ ಅಂತ ಅದೇ ಸಾಲು ವರ್ಷ ಕಳೆದರೂ ಹಾಗೇ ಉಳಿಯುತ್ತದೆ. ಕಟ್ಟಲು ಮನಸ್ಸಿಲ್ಲ ಅಂತ ಅವರನ್ನೇ ದೂರಿದರೆ ನನಗೆ ಹೊಟ್ಟೆ ಉರಿಯುತ್ತದೆ ಕಾಕಾ.

ಎರೆಮಣ್ಣಿನ ಊರಿಗೆ ಬುನಾದಿಯ ಕಂತು ದೊಡ್ಡದಿರಲಿ, ಅರ್ಧವಾದರೂ ಮುಂಗಡ ಬರಲಿ. ನಿಮ್ಮ ಅಳಿಯಂದಿರು ಔರಾದ ಕಡೆಯವರೇ ಅಲ್ಲೇನ್ರಿ? ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಎತ್ತಿ ಠರಾವಿನಲ್ಲಿ ಬರೆಸಲಿಕ್ಕೆ ಹೇಳ್ರಿ ಅವರಿಗೆ.