ಕಾಮಾ ಮೇಷ್ಟ್ರು

ಅವರ ನಿಜನಾಮ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ವಿಭಾಗಕ್ಕೆಲ್ಲ ಅವರು ಕಾಮಾ ಮೇಷ್ಟ್ರು. ಪಿಎಚ್.ಡಿ. ಕೊಡುವ ಯಾವ ವಿಜ್ಞಾನ ವಿಭಾಗಕ್ಕೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಜೇಬಿನಲ್ಲಿ ಕೆಂಪು ಪೆನ್ನು, ಹಣೆಯ ಮೇಲೆ ಕನ್ನಡಕ. ಥೀಸಿಸ್ ಕೈಗಿಟ್ಟರೆ ಮಗುಚಿ ಹಿಂದಿನಿಂದ ತೆರೆಯುತ್ತಾರೆ.

ನಾಲ್ಕು ವರ್ಷ ಸೊಳ್ಳೆ ಕಚ್ಚಿಸಿಕೊಂಡು ಕೆರೆಕೆರೆ ಸುತ್ತಿ ಬರೆದದ್ದನ್ನು ನಾನೂ ಅವರ ಮೇಜಿನ ಮೇಲಿಟ್ಟೆ. ಕೆರೆ, ನೀರು, ಪಾಚಿ ಎಲ್ಲವನ್ನೂ ಹಾರಿ ಅವರು ನೇರವಾಗಿ ರೆಫರೆನ್ಸ್ ಪಟ್ಟಿಗೆ ಇಳಿದರು.

"ಹದಿನೇಳನೇದು ನೋಡಪ್ಪಾ. ಸಂಪುಟ ಆದ್ಮೇಲೆ ಎರಡು ಚುಕ್ಕೆ, ಆಮೇಲೆ ಪುಟ. ನೀನು ಕಾಮಾ ಹಾಕಿದೀಯ."

"ಸಾರ್, ಫಲಿತಾಂಶದ ಅಧ್ಯಾಯ..."

"ಅದಿರ್ಲಿ. ಈ ಕಾಮಾ ಯಾಕೆ ಬಂತು?"

ಹೆತ್ತವರೂ ಮಕ್ಕಳನ್ನು ಇಷ್ಟು ನೊಂದು ಕೇಳಿರಲಾರರು.

ಮೇಷ್ಟ್ರಿಗೆ ಈ ಶಾಸ್ತ್ರದ ವಂಶಾವಳಿಯೆಲ್ಲ ಬಾಯಿಪಾಠ. ಕಂಸದಲ್ಲಿ ಲೇಖಕನ ಹೆಸರು, ಇಸವಿ ಹಾಕುವ ಪದ್ಧತಿಯ ಮೂಲವನ್ನು ಹಾರ್ವರ್ಡಿನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ 1881ರಲ್ಲಿ ಬರೆದ ಲೇಖನಕ್ಕೆ ಒಯ್ಯುತ್ತಾರೆ. ಆ ಲೇಖನದ ವಸ್ತು ಚಿಪ್ಪಿಲ್ಲದ ಬಸವನಹುಳುವಿನ ಮೊಟ್ಟೆ. ಥೀಸಿಸ್‌ಗಳು ಇಂದಿಗೂ ಅದೇ ಹುಳುವಿನ ವೇಗದಲ್ಲಿ ಸಾಗುವುದೇಕೆಂದು ನನಗೆ ಅವತ್ತು ತಿಳಿಯಿತು. ಅಂಕಿ ಹಾಕುವ ವ್ಯಾಂಕೂವರ್ ಪದ್ಧತಿಗೆ ಕಾರಣ 1978ರಲ್ಲಿ ಕೆನಡಾದ ಆ ಊರಿನಲ್ಲಿ ಸೇರಿದ್ದ ವೈದ್ಯಕೀಯ ಪತ್ರಿಕೆಗಳ ಸಂಪಾದಕರು. ಒಂದೇ ಪದ್ಧತಿ ಸಾಕೆಂದು ಅವರು ಕೂತು ಮಾತಾಡಿದ ಮೇಲೂ ಲೋಕದಲ್ಲಿ ಅಡ್ಡನಾಮ, ಉದ್ದನಾಮದ ಜಗಳ ನಿಂತಿಲ್ಲ. ಒಂದು ಪತ್ರಿಕೆ ಲೇಖನವನ್ನು ತಿರಸ್ಕರಿಸಿತೆಂದರೆ, ಇನ್ನೊಂದಕ್ಕೆ ಕಳಿಸುವ ಮುನ್ನ ಎಲ್ಲ ನಾಮ ಅಳಿಸಿ ಹೊಸದು ಬಳಿಯಬೇಕು. 2019ರಲ್ಲಿ ಇನ್ನೊಂದು ಪದ್ಧತಿಯಾದ ಎಪಿಎಯ ಕೈಪಿಡಿಯ ಏಳನೆಯ ಆವೃತ್ತಿ ಪ್ರಕಾಶಕರ ಊರಿನ ಹೆಸರನ್ನು ಕೈಬಿಟ್ಟಾಗ ಮೇಷ್ಟ್ರು ಒಂದು ವಾರ ಸೂತಕದವರಂತೆ ಓಡಾಡಿದರು. "ಊರಿಲ್ಲದ ಪುಸ್ತಕ ಒಂದು ಪುಸ್ತಕವೇನಯ್ಯಾ?"

"ರೆಫರೆನ್ಸ್ ಜೋಡಿಸೋ ತಂತ್ರಾಂಶ ಜೊಟೆರೊ ಇದೆಯಲ್ಲ ಸಾರ್, ಒಂದು ಕ್ಲಿಕ್ಕಿಗೆ ಎಲ್ಲಾ ಆಗುತ್ತೆ" ಎಂದೆ.

"ಹಿಟ್ಟು ಗ್ರೈಂಡರ್ ರುಬ್ಬುತ್ತೆ. ಉಪ್ಪು ನೀನೇ ಹಾಕ್ಬೇಕು."

ಮಾತು ಸುಳ್ಳಲ್ಲ. ನನ್ನ ಹೆಸರಿನ ಹಿಂದೆ ಅಪ್ಪನ ಹೆಸರಿನ ಮೊದಲಕ್ಷರ 'ಕೆ' ಇದೆ. ಅದೇ ನನ್ನ ಮನೆತನವೆಂದು ತಿಳಿದ ತಂತ್ರಾಂಶ ನನ್ನನ್ನು 'ಕೆ, ಎಂ.' ಮಾಡಿತ್ತು. ಸ್ವಂತ ಲೇಖನವನ್ನು ನಾನೇ ಹುಡುಕಲಾರದೆ ಒದ್ದಾಡುತ್ತಿದ್ದಾಗ ಆ 'ಕೆ'ಯನ್ನು ಹಿಡಿದು ನನ್ನನ್ನು ನನಗೆ ವಾಪಸು ಕೊಟ್ಟವರು ಕಾಮಾ ಮೇಷ್ಟ್ರೇ.

ಮೂರು ತಿದ್ದುಪಡಿಗಳಾದವು. 212 ರೆಫರೆನ್ಸ್‌ಗಳಲ್ಲಿ 211ಕ್ಕೆ ಎಲ್ಲಾದರೊಂದು ಕೆಂಪು ಗೀರು. ಒಂದೇ ಒಂದರ ಪಕ್ಕ ಅವರು 'ಭೇಷ್' ಎಂದು ಬರೆದಿದ್ದರು. ವೈಜ್ಞಾನಿಕ ಲೇಖನ ಬರೆಯುವ ಕಲೆಯ ಬಗ್ಗೆ ವ್ಯಾನ್ ಡರ್ ಗೀರ್ ಮತ್ತಿಬ್ಬರು ಬರೆದದ್ದದು.

ವೈವಾದಲ್ಲಿ ಹೊರಗಿನ ಪರೀಕ್ಷಕರ ಬೆರಳು ಅದರ ಮೇಲೇ ಬಿತ್ತು. "ಈ ಲೇಖನದಲ್ಲಿ ಏನಿದೆ?"

ನಾನು ಉಗುಳು ನುಂಗಿದೆ.

"ಏನೂ ಇಲ್ಲ. ಯಾಕಂದ್ರೆ ಲೇಖನವೇ ಇಲ್ಲ" ಎಂದರು ಅವರು.

ಅದು ಎಲ್ಸೆವಿಯರ್ ಪ್ರಕಾಶನದವರು ರೆಫರೆನ್ಸ್ ಹೀಗೆ ಬರೆಯಿರಿ ಎಂದು ತೋರಿಸಲು ಕಟ್ಟಿದ ಮಾದರಿ. ಲೇಖನ ಸುಳ್ಳು, ಪತ್ರಿಕೆಯೂ ಸುಳ್ಳು. ಮಾದರಿ ಕಡತದ ಮೇಲೇ ನನ್ನ ಪಟ್ಟಿ ಬೆಳೆಸಿದ್ದ ನಾನು ಅದನ್ನು ಅಳಿಸಲು ಮರೆತಿದ್ದೆ. ನಾನೊಬ್ಬನೇ ಅಲ್ಲ ಎಂಬುದೊಂದು ಸಮಾಧಾನ: ಆ ಇಲ್ಲದ ಲೇಖನವನ್ನು ಉಲ್ಲೇಖಿಸಿದ ಸುಮಾರು 400 ಲೇಖನಗಳು 2017ರ ಹೊತ್ತಿಗೇ ಪತ್ತೆಯಾಗಿದ್ದವು.

ಎಲ್ಲರೂ ಕಾಮಾ ಮೇಷ್ಟ್ರ ಕಡೆ ತಿರುಗಿದರು. ಅವರು ಕನ್ನಡಕವನ್ನು ಹಣೆಯಿಂದ ಇಳಿಸಿ ಪುಟವನ್ನು ಹತ್ತಿರ ಹಿಡಿದರು.

"ಇಲ್ಲದಿದ್ರೆ ಬಿಡಿ ಸಾರ್. ಎಷ್ಟು ಶುದ್ಧವಾಗಿದೆ ನೋಡಿ!"

ಪದವಿ ಬಂತು. ಆ ಸಾಲಿನ ಜೆರಾಕ್ಸ್ ಈಗ ವಿಭಾಗದ ನೋಟೀಸ್ ಬೋರ್ಡಿನಲ್ಲಿದೆ, ಮೇಲೆ ಕೆಂಪಿನಲ್ಲಿ 'ಹೀಗಿರಬೇಕು'. ಮೊನ್ನೆ ಹೋದಾಗ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅದರ ಮುಂದೆ ನಿಂತು ಫೋನಿನಲ್ಲಿ ಫೋಟೊ ತೆಗೆದುಕೊಳ್ಳುತ್ತಿದ್ದಳು.